ಎಳೆದಿಟ್ಟ ಕೀ, ಮರೆತುಹೋದ ಸೆಲ್

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಊರು ತೀರ್ಥಹಳ್ಳಿ. ಮನೆಯಲ್ಲಿ ಎಂಟು ವಾಚುಗಳಿವೆ. ದಿನಾ ಕಟ್ಟುವುದು ಒಂದೇ. ಉಳಿದ ಏಳು ಬೀರುವಿನಲ್ಲಿ ಒಂದು ತಗಡಿನ ಡಬ್ಬಿಯಲ್ಲಿವೆ. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ತೆಗೆದುಕೊಂಡ ತೆಳುವಾದ ಟೈಟನ್, ಅದಕ್ಕೆ ಸೆಕೆಂಡ್ ಮುಳ್ಳಿಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ವಾರ-ತಾರೀಖಿನ ವಾಚು. ಮಗ ಬಿಟ್ಟುಹೋದ ಒಂದು ಡಿಜಿಟಲ್, ಒಂದು ಮೂರು ಬಟನ್ನಿನ ದೊಡ್ಡ ವಾಚು. ಅವನೇ ಶಾರ್ಜಾದಿಂದ ತಂದ ಬೆಳಕಿನಲ್ಲಿ ಚಾರ್ಜ್ ಆಗುವ ಸಿಟಿಜನ್ ಇಕೋ-ಡ್ರೈವ್. ಒಂದು ಸ್ಮಾರ್ಟ್‌ವಾಚ್. ಕೊನೆಗೆ ನಮ್ಮ ತಂದೆಯವರ ಎಚ್‌ಎಂಟಿ ಜನತಾ. ಮದುವೆ ಮುಂಜಿಗೆ ಒಂದನ್ನು ಕಟ್ಟಿಕೊಳ್ಳೋಣ ಅಂತ ತೆಗೆದರೆ ನಿಂತೇ ಇರುತ್ತದೆ. ನಿವೃತ್ತಿಯ ವಾಚಿಗಂತೂ ಎರಡು ವರ್ಷದಲ್ಲಿ ಮೂರು ಸಲ ಸೆಲ್ ಹಾಕಿಸಿದೆ. ಪಕ್ಕದ ಮನೆಯವರು ಟೈಮ್ ತಿರುಗಿಸುವ ಕೀ ಎಳೆದಿಡಿ, ಸೆಲ್ ಹತ್ತು ವರ್ಷ ಬರುತ್ತದೆ ಅಂದರು. ಇಲ್ಲಿನ ರಿಪೇರಿಯವರು ಎಳೆದಿಟ್ಟರೆ ಮಷಿನ್ ಹಾಳಾಗುತ್ತದೆ ಅಂದರು. ಅಳಿಯ ಫ್ರಿಜ್ಜಿನಲ್ಲಿಡಿ ಅಂದ. ಯಾರ ಮಾತು ಕೇಳಲಿ? ಜನತಾ ವಾಚಿನ ಸೆಲ್ಲನ್ನೂ ತೆಗೆಸಬೇಕಾ?

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಅದನ್ನು ಓದಿ ಸ್ವಲ್ಪ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ.

ನಿಮಗೆ ಸಲಹೆ ಕೊಟ್ಟ ಮೂವರಲ್ಲಿ ಪಕ್ಕದ ಮನೆಯವರು ಅರ್ಧ ಸರಿ, ರಿಪೇರಿಯವರು ಕಾಲು ಭಾಗ ಸರಿ. ಅಳಿಯಂದಿರು ಪೂರ್ತಿ ತಪ್ಪು. ಆದರೆ ಮೂವರೂ ಒಂದೇ ವಿಷಯದ ಸುತ್ತ ಸುತ್ತುತ್ತಿದ್ದಾರೆ: ಸೆಲ್ ಎಷ್ಟು ದಿನ ಬರುತ್ತದೆ ಅನ್ನೋದು. ಮೂವತ್ತು ವರ್ಷ ವಾಚಿನ ಬೆನ್ನು ಬಿಚ್ಚಿ ನೋಡಿದವನಾಗಿ ನಾನು ಹೆದರುವುದು ಬೇರೆಯದಕ್ಕೆ. ಬೀರುವಿನಲ್ಲಿಟ್ಟ ವಾಚನ್ನು ಹಾಳು ಮಾಡುವುದು ಓಡುತ್ತಿರುವ ಸೆಲ್ ಅಲ್ಲ. ಸತ್ತಮೇಲೂ ಒಳಗೇ ಉಳಿದ ಸೆಲ್. ಹೊಸ ಸೆಲ್‌ಗೆ ನೂರೋ ಇನ್ನೂರೋ ಕೊಟ್ಟರೆ ಆಯಿತು. ಸೆಲ್ ಲೀಕ್ ಆದರೆ ಮಷಿನ್ನೇ ಹೋಗುತ್ತದೆ. ಹಳೆಯ ಮಾಡೆಲ್ ಆದರೆ ಅದಕ್ಕೆ ಕೂರುವ ಮಷಿನ್ ಸಿಗುವುದೇ ಇಲ್ಲ.

ನನ್ನದೇ ಕಥೆ ಹೇಳುತ್ತೇನೆ. ನನ್ನ ಮದುವೆಗೆ ಮಾವನವರು ಒಂದು ಕ್ವಾರ್ಟ್ಜ್ ವಾಚು, ಅಂದರೆ ಸೆಲ್ಲಿನಲ್ಲಿ ಓಡುವ ವಾಚು ಕೊಟ್ಟಿದ್ದರು. ಈ ಕಸುಬಿನವನಲ್ಲವೇ, ಜಾಣತನ ತೋರಿಸಿ ಕೀ ಎಳೆದು ಟ್ರಂಕಿನಲ್ಲಿಟ್ಟೆ. ನಾಲ್ಕು ವರ್ಷ ಅದರ ನೆನಪೇ ಬರಲಿಲ್ಲ. ತೆಗೆದು ಕೀ ಒತ್ತಿದರೆ ಮಿಸುಕಾಡಲಿಲ್ಲ. ಬೆನ್ನು ಬಿಚ್ಚಿದರೆ ಸೆಲ್ಲಿನ ಅಂಚಿನಲ್ಲಿ ಬಿಳಿ ಉಪ್ಪು, ಪಕ್ಕದ ತಾಮ್ರದ ಪಟ್ಟಿಯ ಮೇಲೆ ಹಸಿರು ಬೂಷ್ಟು. ಕಾಯಿಲ್, ಅಂದರೆ ಮುಳ್ಳು ಓಡಿಸುವ ತಂತಿಯ ಸುರುಳಿ, ಕಿತ್ತುಹೋಗಿತ್ತು. ಅದರ ತಂತಿ ತಲೆಗೂದಲಿಗಿಂತ ತೆಳು, ಒಂದು ಹನಿ ಸಾಕು. ಕೀ ಎಳೆದಿಡದೆ ಸುಮ್ನೆ ಓಡಲು ಬಿಟ್ಟಿದ್ದರೆ ಎರಡು ಎರಡೂವರೆ ವರ್ಷಕ್ಕೆ ನಿಲ್ಲುತ್ತಿತ್ತು. ಮನೆಯವರು ಯಾವತ್ತೋ ಟ್ರಂಕ್ ತೆಗೆದಾಗ ನೋಡಿ "ರೀ, ನಿಮ್ಮ ವಾಚು ನಿಂತಿದೆ" ಅನ್ನುತ್ತಿದ್ದರು. ನಾನು ಮೊದಲೇ ನಿಲ್ಲಿಸಿಟ್ಟಿದ್ದೆನಲ್ಲ, ಯಾರಿಗೂ ಏನೂ ಗೊತ್ತಾಗಲಿಲ್ಲ.

ಕೀ ಎಳೆದಾಗ ಒಳಗೆ ಏನಾಗುತ್ತದೆ ಅಂತ ನೋಡೋಣ. ಕ್ವಾರ್ಟ್ಜ್ ವಾಚಿನೊಳಗೆ ಸ್ಫಟಿಕದ ಒಂದು ಪುಟ್ಟ ಕವಲು ಇರುತ್ತದೆ. ಸೆಲ್ಲಿನ ವಿದ್ಯುತ್ತಿಗೆ ಅದು ಸೆಕೆಂಡಿಗೆ 32,768 ಸಲ ನಡುಗುತ್ತದೆ. ನೀವು ಗಣಿತ ಪಾಠ ಮಾಡಿದವರೋ ಇಲ್ಲವೋ ಗೊತ್ತಿಲ್ಲ, ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಒಳಗಿನ ಚಿಪ್ ಮಾಡುವುದೂ ಅದನ್ನೇ. ಹಾಗೆ ಸಿಕ್ಕ ಸೆಕೆಂಡಿಗೊಂದು ಮಿಡಿತವನ್ನು ಕಾಯಿಲ್‌ಗೆ ಕಳಿಸುತ್ತದೆ. ಕಾಯಿಲ್ ಒಂದು ಪುಟಾಣಿ ಅಯಸ್ಕಾಂತವನ್ನು ಅರ್ಧ ಸುತ್ತು ತಿರುಗಿಸುತ್ತದೆ. ಆ ಅಯಸ್ಕಾಂತ ಹಲ್ಲಿನ ಚಕ್ರಗಳನ್ನು ತಳ್ಳಿ ಮುಳ್ಳನ್ನು ಒಂದು ಹೆಜ್ಜೆ ಮುಂದೆ ಇಡಿಸುತ್ತದೆ. ದಿನಕ್ಕೆ 86,400 ಹೆಜ್ಜೆ.

ನಡುಗುವುದಕ್ಕೆ, ಎಣಿಸುವುದಕ್ಕೆ ಬಹಳ ಕಡಿಮೆ ವಿದ್ಯುತ್ ಸಾಕು. ಸೆಲ್ಲನ್ನು ತಿನ್ನುವುದು ಆ ತಳ್ಳುವ ಕೆಲಸ. ಕೀ ಎಳೆದಾಗ ಒಂದು ಸಣ್ಣ ಲಿವರ್ ಹೋಗಿ ಸರ್ಕ್ಯೂಟಿಗೆ ತಾಗುತ್ತದೆ, ಕಾಯಿಲ್‌ಗೆ ಮಿಡಿತ ಹೋಗುವುದು ನಿಲ್ಲುತ್ತದೆ. ಸ್ಫಟಿಕ ಮಾತ್ರ ನಡುಗುತ್ತಲೇ ಇರುತ್ತದೆ. ಹಾಗಾಗಿ ಖರ್ಚು ಪೂರ್ತಿ ನಿಲ್ಲುವುದಿಲ್ಲ, ತಗ್ಗುತ್ತದೆ. ಎಷ್ಟು? ಮಷಿನ್ ಮಾಡುವ ಸ್ವಿಟ್ಜರ್ಲೆಂಡಿನ ರೋಂಡಾ ಕಂಪನಿ ತನ್ನ ಕೆಲವು ಮಷಿನ್‌ಗಳಿಗೆ ಸುಮಾರು ಶೇ. 70 ಎಂದು ಹೇಳುತ್ತದೆ.

ನಿಮ್ಮ ಪಕ್ಕದ ಮನೆಯವರ ಹತ್ತು ವರ್ಷದ ಲೆಕ್ಕ ಇಲ್ಲಿಂದಲೇ ಹುಟ್ಟಿದ್ದು. ಮಾಡಿ ನೋಡೋಣ. ನಮ್ಮಲ್ಲಿ ಜಾಸ್ತಿ ಹೋಗುವ ಸೆಲ್ 377, ಅಂದರೆ ಎಸ್‌ಆರ್ 626 ಎಸ್‌ಡಬ್ಲ್ಯೂ. ಅದು ಸಿಲ್ವರ್ ಆಕ್ಸೈಡ್ ಜಾತಿಯ ಸೆಲ್, ಅದರೊಳಗೆ 25 ಮಿಲಿಆಂಪ್-ಗಂಟೆಯ ಆಸುಪಾಸು ವಿದ್ಯುತ್ ಇರುತ್ತದೆ. ಮಾಮೂಲಿ ವಾಚು ಸುಮಾರು ಒಂದು ಮೈಕ್ರೋಆಂಪ್ (ಮಿಲಿಆಂಪಿನ ಸಾವಿರದಲ್ಲೊಂದು ಭಾಗ) ಎಳೆಯುತ್ತದೆ ಅಂದುಕೊಂಡರೆ 25,000 ಗಂಟೆ. ಅಂದರೆ ಮೂರು ವರ್ಷಕ್ಕೆ ಒಂದೆರಡು ತಿಂಗಳು ಕಮ್ಮಿ. ಕೀ ಎಳೆದಿಟ್ಟು ಶೇ. 70 ಉಳಿಸಿದರೆ ಅದೇ ಸೆಲ್ ಒಂಬತ್ತು ವರ್ಷ ದಾಟಬೇಕು.

ಲೆಕ್ಕ ಸರಿಯಾಗಿದೆ. ಆದರೆ ಒಂಬತ್ತು ವರ್ಷ ಹಳೆಯ ಸೆಲ್ಲೊಂದನ್ನು ನಿಮ್ಮ ವಾಚಿನ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತೀರಿ ಅನ್ನೋದು ಆ ಲೆಕ್ಕದಲ್ಲಿ ಬರುವುದಿಲ್ಲ. ಸೆಲ್ಲಿನ ಬಾಯಿ ಮುಚ್ಚಿರುವುದು ಒಂದು ತೆಳು ಪ್ಲಾಸ್ಟಿಕ್ ಉಂಗುರ. ಒಳಗಿರುವುದು ಕ್ಷಾರ, ಸೋಪು ಮಾಡುವ ಕಾಸ್ಟಿಕ್ ಸೋಡಾದ ಜಾತಿಯದು. ವರ್ಷ ಕಳೆದಂತೆ ಆ ಉಂಗುರ ಸೋಲುತ್ತದೆ, ಕ್ಷಾರ ಅಂಚಿನಲ್ಲಿ ತೆವಳಿ ಹೊರಗೆ ಬರುತ್ತದೆ. ಸೆಲ್ ಬರಿದಾದಮೇಲೆ ಇದು ಇನ್ನೂ ಜಾಸ್ತಿ. ಬಿಸಿ ಜಾಗದಲ್ಲಿಟ್ಟರೆ ಇನ್ನೂ ಬೇಗ.

ಹಾಗಾದರೆ ಕೀ ಎಳೆಯಲೇಬಾರದಾ? ಎಳೆಯಬಹುದು. ಕೆಲವು ತಿಂಗಳ ಮಟ್ಟಿಗೆ ಅದು ಒಳ್ಳೆಯ ಉಪಾಯವೇ. ಅಂಗಡಿಯಲ್ಲಿ ಹೊಸ ವಾಚು ನೋಡಿರುತ್ತೀರಲ್ಲ, ಕೀ ಕೆಳಗೆ ಒಂದು ಪ್ಲಾಸ್ಟಿಕ್ ತುಂಡು ಸಿಕ್ಕಿಸಿರುತ್ತಾರೆ. ಗಿರಾಕಿಯ ಕೈಗೆ ಹೋಗುವ ತನಕ ಸೆಲ್ ಉಳಿಯಲಿ ಅಂತ ಕಂಪನಿಯವರೇ ಮಾಡಿದ ಏರ್ಪಾಡು ಅದು. ಅದರಿಂದ ಮಷಿನ್ ಹಾಳಾಗುವ ಹಾಗಿದ್ದರೆ ಅವರು ಮಾಡುತ್ತಿದ್ದರಾ? ಆದ್ದರಿಂದ ನಿಮ್ಮ ರಿಪೇರಿಯವರ ಮಾತು ಹೆಚ್ಚಿನ ಮಟ್ಟಿಗೆ ಸುಳ್ಳು.

ಕಾಲು ಭಾಗ ನಿಜ ಅಂದೆನಲ್ಲ, ಅದು ತೇವದ ವಿಷಯ. ಕೀ ಒಳಗೆ ಕೂತಿದ್ದಾಗ ಮಾತ್ರ ಅದರ ರಬ್ಬರ್ ವಾಷರ್ ಸರಿಯಾಗಿ ತನ್ನ ಜಾಗದಲ್ಲಿ ಬಿಗಿಯಾಗಿರುತ್ತದೆ. ಎಳೆದರೆ ಆ ಬಿಗಿ ತಪ್ಪಬಹುದು. ಸ್ಕ್ರೂ ತಿರುಗಿಸಿ ಕೂರಿಸುವ ಕೀ ಇದ್ದರಂತೂ, ಅದನ್ನು ಬಿಚ್ಚಿ ಎಳೆದಿಟ್ಟ ಕ್ಷಣವೇ ವಾಟರ್‌ಪ್ರೂಫ್ ಅನ್ನೋದು ಮುಗಿಯಿತು. ಚಿತ್ರದುರ್ಗದವರಾಗಿದ್ದರೆ ಇದನ್ನು ಹೇಳುತ್ತಲೇ ಇರಲಿಲ್ಲ. ನೀವು ತೀರ್ಥಹಳ್ಳಿಯವರು. ಜೂನ್ ಬಂತೆಂದರೆ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ಬೈಂಡಿಗೆ ಬೂಷ್ಟು ಹಿಡಿಯುವ ಊರು. ಮಳೆಗಾಲದಲ್ಲಿ ಕೀ ಎಳೆದಿಟ್ಟ ವಾಚನ್ನು ಹಾಗೇ ಬಿಡಬೇಡಿ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಮತ್ತೆ, ಎಳೆದ ಕೀಗೆ ಏನಾದರೂ ತಗುಲಿದರೆ ಅದರ ಕಡ್ಡಿ ಬಾಗುತ್ತದೆ. ಏಳು ವಾಚುಗಳು ಒಂದೇ ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದರೆ ಅದೂ ಆಗುವುದೇ.

ಎಳೆಯುವಾಗ ಜನ ಮಾಡುವ ಒಂದು ತಪ್ಪಿದೆ. ತಾರೀಖು ಇರುವ ವಾಚಿನ ಕೀ ಎರಡು ಹಂತದಲ್ಲಿ ಹೊರಗೆ ಬರುತ್ತದೆ. ಮೊದಲ 'ಟಕ್' ತಾರೀಖು ಬದಲಿಸಲು, ಅಲ್ಲಿ ವಾಚು ನಿಲ್ಲುವುದಿಲ್ಲ. ಎರಡನೆಯ 'ಟಕ್' ವರೆಗೆ ಎಳೆಯಬೇಕು. ಎಳೆದಮೇಲೆ ಸೆಕೆಂಡ್ ಮುಳ್ಳು ನಿಂತಿತೇ ನೋಡಿ. ಕೆಲವು ಅಗ್ಗದ ಮಷಿನ್‌ಗಳಲ್ಲಿ ಪೂರ್ತಿ ಎಳೆದರೂ ಅದು ಓಡುತ್ತಲೇ ಇರುತ್ತದೆ. ಹಾಗಿದ್ದರೆ ಉಳಿತಾಯ ಏನೂ ಇಲ್ಲ, ಸುಮ್ನೆ ಕೀ ಒತ್ತಿಬಿಡಿ.

ಫ್ರಿಜ್ಜಿನ ವಿಷಯ ಬೇಗ ಮುಗಿಸುತ್ತೇನೆ. ತಣ್ಣಗಿದ್ದರೆ ಸೆಲ್ ತಾನೇ ತಾನಾಗಿ ಬರಿದಾಗುವುದು ಕಮ್ಮಿ ಅನ್ನೋದರಲ್ಲಿ ಸತ್ಯವಿದೆ. ಆದರೆ ವಾಚಿಗೆ ಹಾಕುವ ಸಿಲ್ವರ್ ಆಕ್ಸೈಡ್ ಸೆಲ್ ಮನೆಯ ಮಾಮೂಲಿ ತಂಪಿನಲ್ಲೂ ಬಹಳ ನಿಧಾನವಾಗಿಯೇ ಬರಿದಾಗುತ್ತದೆ. ಉಳಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಬೆವರುತ್ತದಲ್ಲ, ವಾಚೂ ಹಾಗೇ ಬೆವರುತ್ತದೆ, ಒಳಗಡೆಯೂ. ಗಾಜಿನ ಕೆಳಗೆ ಮಂಜು ಕೂತರೆ ಡಯಲ್, ಮುಳ್ಳು, ಸರ್ಕ್ಯೂಟ್ ಎಲ್ಲಕ್ಕೂ ಕೆಟ್ಟದ್ದು. ಅಳಿಯಂದಿರಿಗೆ ಪ್ರೀತಿಯಿಂದ ಹೇಳಿಬಿಡಿ.

ಈಗ ನಿಮ್ಮ ನಿವೃತ್ತಿಯ ವಾಚಿಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆಯಾದದ್ದು ಅದರದ್ದೇ. ಎರಡು ವರ್ಷಕ್ಕೆ ಮೂರು ಸೆಲ್ ತಿನ್ನುವ ವಾಚಿಗೆ ಕೀ ಎಳೆದಿಡುವುದು ಪರಿಹಾರವಲ್ಲ. ಹೊಟ್ಟೆನೋವಿಗೆ ಉಪವಾಸ ಮಾಡಿಸಿದ ಹಾಗೆ.

ಕಾರಣ ಮೂರು ಇರಬಹುದು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಸೆಲ್ಲಿನ ಜಾತಿ. 377ರ ಅಳತೆಯಲ್ಲೇ ಎಲ್‌ಆರ್ 626 ಅಥವಾ ಎಜಿ 4 ಅಂತ ಒಂದು ಸೆಲ್ ಬರುತ್ತದೆ. ಅದು ಆಲ್ಕಲೈನ್. ಹಾಳೆಯಲ್ಲಿ ಹತ್ತು ಸೆಲ್ ಅಂಟಿಸಿ ಬಲು ಅಗ್ಗಕ್ಕೆ ಮಾರುತ್ತಾರೆ. ಆಟದ ಸಾಮಾನಿಗೆ, ಪುಟ್ಟ ಟಾರ್ಚಿಗೆ ಪರವಾಗಿಲ್ಲ. ಸಿಲ್ವರ್ ಆಕ್ಸೈಡ್ ಸೆಲ್ ತನ್ನ 1.55 ವೋಲ್ಟನ್ನು ಬಹುತೇಕ ಕೊನೆಯವರೆಗೂ ಹಿಡಿದುಕೊಂಡಿರುತ್ತದೆ. ಆಲ್ಕಲೈನ್ ಮೊದಲ ದಿನದಿಂದಲೇ ಇಳಿಯುತ್ತಾ ಹೋಗುತ್ತದೆ, ಹೊಟ್ಟೆಯಲ್ಲಿ ಇನ್ನೂ ಮಿಕ್ಕಿರುವಾಗಲೇ ವಾಚು ನಿಲ್ಲುತ್ತದೆ. ಲೀಕ್ ಆಗುವುದೂ ಅದೇ ಜಾಸ್ತಿ. ಸೆಲ್ ಹಾಕಿಸುವಾಗ ಒಂದು ನಿಮಿಷ ಅದನ್ನು ಕೈಗೆ ಇಸಿದುಕೊಂಡು ಓದಿ. ಎಸ್‌ಆರ್ ಅಂತ ಇರಬೇಕು, ಅಥವಾ 377, 371, 364 ಹೀಗೆ ಮೂರಂಕಿ ಇರಬೇಕು. ಬಿಡಿಯಾಗಿ ಡಬ್ಬಿಯಲ್ಲಿ ಬಿದ್ದಿರುವುದು ಬೇಡ, ಪ್ಯಾಕ್ ಹರಿದು ಹಾಕುವುದೇ ಬೇಕು ಅನ್ನಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಎರಡನೆಯದು ಒಳಗಿನ ಎಣ್ಣೆ ಒಣಗಿರುವುದು. ಇದು ಬಹಳ ಜನರಿಗೆ ಗೊತ್ತಿಲ್ಲ. ಈಗಿನ ಎಷ್ಟೋ ಮಷಿನ್‌ಗಳ ಚಿಪ್ ಜಾಣ ಇರುತ್ತದೆ. ಮೊದಲು ಮೆಲ್ಲಗೆ ಒಂದು ಮಿಡಿತ ಕೊಟ್ಟು ನೋಡುತ್ತದೆ. ಚಕ್ರ ತಿರುಗಿದರೆ ಸರಿ. ತಿರುಗದಿದ್ದರೆ ಜೋರಾಗಿ ಇನ್ನೊಂದು ಮಿಡಿತ ಕೊಡುತ್ತದೆ. ಎಣ್ಣೆ ಅಂಟಾಗಿ, ಧೂಳು ಸೇರಿ ಚಕ್ರಗಳು ಬಿಗಿಯಾದಾಗ ಪ್ರತಿ ಸೆಕೆಂಡಿಗೂ ಜೋರು ಮಿಡಿತವೇ ಬೇಕಾಗುತ್ತದೆ. ಹೊರಗಿನಿಂದ ನೋಡಿದರೆ ವಾಚು ಸರಿಯಾಗಿಯೇ ಟೈಮ್ ತೋರಿಸುತ್ತದೆ, ಒಂದು ಸೆಕೆಂಡೂ ತಪ್ಪುವುದಿಲ್ಲ. ಸೆಲ್ ಮಾತ್ರ ಬೇಗ ಬೇಗ ಖಾಲಿ. ನಮ್ಮ ಕೆಲಸದಲ್ಲಿ ಇದನ್ನು ಕಂಡುಹಿಡಿಯುವುದು ಸುಲಭ. ಮೈಕ್ರೋಆಂಪ್ ಅಳೆಯುವ ಮೀಟರಿಗೆ ಹಾಕಿದರೆ ಒಂದು ತೋರಿಸಬೇಕಾದ ಜಾಗದಲ್ಲಿ ನಾಲ್ಕೋ ಐದೋ ತೋರಿಸುತ್ತದೆ. ಅಂಥ ಮೀಟರ್ ಇರುವ ಅಂಗಡಿ ಹುಡುಕಿ, ಶಿವಮೊಗ್ಗಕ್ಕೆ ಹೋದಾಗ ತೋರಿಸಿ. "ಸೆಲ್ ಹಾಕಿ" ಅನ್ನಬೇಡಿ. "ಎಷ್ಟು ಎಳೆಯುತ್ತಿದೆ ನೋಡಿ" ಅನ್ನಿ. ಆ ಒಂದು ಮಾತಿಗೆ ಅವರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ. ಮೂರನೆಯ ಕಾರಣ, ತೇವ ಹೋಗಿ ಸರ್ಕ್ಯೂಟಿನ ಮೇಲೆ ಕೂತು ವಿದ್ಯುತ್ ಸೋರುವುದು. ಅದೂ ಅದೇ ಮೀಟರಿನಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ಟೈಟನ್. ಸೆಕೆಂಡ್ ಮುಳ್ಳಿಲ್ಲದ ತೆಳು ವಾಚಿನ ಮಷಿನ್ ಪ್ರತಿ ಸೆಕೆಂಡಿಗೆ ಹೆಜ್ಜೆ ಇಡುವುದಿಲ್ಲ. ಹತ್ತೋ ಇಪ್ಪತ್ತೋ ಸೆಕೆಂಡಿಗೊಮ್ಮೆ ನಿಮಿಷದ ಮುಳ್ಳನ್ನು ಚೂರು ಜರುಗಿಸುವುದು ಸಾಮಾನ್ಯ. ಹೀಗಾಗಿ ಮೊದಲೇ ಕಮ್ಮಿ ತಿನ್ನುತ್ತದೆ, ಕೀ ಎಳೆದು ಉಳಿಸುವುದು ಅಷ್ಟಕ್ಕಷ್ಟೇ. ತೊಂದರೆ ಬೇರೆ ಇದೆ. ಸೆಕೆಂಡ್ ಮುಳ್ಳಿರುವ ಒಳ್ಳೆಯ ವಾಚು ಸೆಲ್ ಮುಗಿಯುವ ಮೊದಲು ಹೇಳಿಬಿಡುತ್ತದೆ. ಸೀಕೋ ಕಂಪನಿಯ ವಾಚಿನಲ್ಲಿ ಮುಳ್ಳು ಎರಡೆರಡು ಸೆಕೆಂಡ್ ಹಾರುತ್ತದೆ, ಇಟಿಎ ಕಂಪನಿಯ ಮಷಿನ್ ಇರುವ ಹಲವು ಸ್ವಿಸ್ ವಾಚುಗಳಲ್ಲಿ ನಾಲ್ಕು ನಾಲ್ಕು. ಮುಳ್ಳು ಕೆಟ್ಟಿದೆ ಅಂತ ಗಾಬರಿಯಾಗಿ ಅಂಗಡಿಗೆ ಓಡಿಬರುವವರು ಈಗಲೂ ಇದ್ದಾರೆ. ಅದು ಸೆಲ್ ಬದಲಿಸಿ ಅಂತ ವಾಚು ಹೇಳುವ ರೀತಿ. ನಿಮ್ಮ ಟೈಟನ್ನಿಗೆ ಆ ಬಾಯಿಲ್ಲ. ಅದಕ್ಕೇ ಅದನ್ನು ಓಡಲು ಬಿಡಿ, ತಿಂಗಳಿಗೊಮ್ಮೆ ಡಬ್ಬಿ ತೆಗೆದು ಟೈಮ್ ನೋಡಿ. ನಿಂತಿದ್ದರೆ ಆ ವಾರವೇ ಸೆಲ್ ತೆಗೆಸಿ. ಹೊಸದು ಹಾಕಿಸುವುದು ಆಮೇಲಿನ ಮಾತು, ಮೊದಲು ತೆಗೆಸಿ.

ಮಗನ ಮೂರು ಬಟನ್ನಿನ ದೊಡ್ಡ ವಾಚು ಕ್ರೋನೋಗ್ರಾಫ್ ಇರಬೇಕು. ಅದರ ನಡುವಿನ ಉದ್ದ ಮುಳ್ಳು ಸೆಕೆಂಡ್ ಮುಳ್ಳಲ್ಲ, ಓಟದ ಹೊತ್ತು ಅಳೆಯುವ ಮುಳ್ಳು. ಸುಮ್ಮನಿದ್ದಾಗ ಹನ್ನೆರಡರ ಮೇಲೆ ನಿಂತಿರುತ್ತದೆ. ನಿಜವಾದ ಸೆಕೆಂಡ್ ಮುಳ್ಳು ಒಳಗಿನ ಪುಟ್ಟ ವೃತ್ತವೊಂದರಲ್ಲಿ ಇರುತ್ತದೆ. ದೊಡ್ಡ ಮುಳ್ಳು ಓಡುತ್ತಿಲ್ಲವಲ್ಲ ಅಂತ ಮೇಲಿನ ಬಟನ್ ಒತ್ತಿ ಓಡಿಸಿ ಹಾಗೇ ಬಿಟ್ಟವರನ್ನು ಎಷ್ಟು ಜನರನ್ನು ನೋಡಿದ್ದೇನೋ! ಹಾಗೆ ಬಿಟ್ಟರೆ ಸೆಲ್ ಮೂರು ವರ್ಷದ ಜಾಗದಲ್ಲಿ ಬಹಳ ಬೇಗ ಮುಗಿಯುತ್ತದೆ. ಒಂದು ಸಲ ತೆಗೆದು ನೋಡಿ, ಓಡುತ್ತಿದ್ದರೆ ನಿಲ್ಲಿಸಿ.

ಡಿಜಿಟಲ್ ವಾಚಿಗೆ ಎಳೆಯಲು ಕೀ ಇಲ್ಲ, ತಿರುಗಿಸಲು ಮುಳ್ಳಿಲ್ಲ. ಅದರ ಪರದೆ ತಿನ್ನುವುದು ನೆಪಮಾತ್ರಕ್ಕೆ. ಕ್ಯಾಸಿಯೋದ ಎಫ್-91ಡಬ್ಲ್ಯೂ ಅನ್ನುವ, ಎಲ್ಲರ ಕೈಯಲ್ಲೂ ಇದ್ದ ಆ ಕಪ್ಪು ವಾಚು ಒಂದು ಸಿಆರ್ 2016 ಲಿಥಿಯಂ ಸೆಲ್ಲಿನಲ್ಲಿ ಸುಮಾರು ಏಳು ವರ್ಷ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ: ಅಲಾರಂ, ಗಂಟೆಗೊಮ್ಮೆ ಬಡಿಯುವ ಬೀಪ್ ಎರಡನ್ನೂ ಆಫ್ ಮಾಡಿ. ಬೀರುವಿನೊಳಗಿಂದ ಬೆಳಗಿನ ಜಾವ ಯಾವುದೋ ಬೀಪ್ ಕೇಳುತ್ತದೆ ಅನ್ನುವ ಮನೆಗಳಲ್ಲಿ ಅಪರಾಧಿ ಯಾವತ್ತೂ ಇದೇ.

ಇಕೋ-ಡ್ರೈವ್ ವಿಷಯ ಪೂರ್ತಿ ತಿರುವುಮುರುವು. ಉಳಿದ ವಾಚುಗಳಿಗೆ ಕತ್ತಲು ಒಳ್ಳೆಯದು, ಇದಕ್ಕೆ ಕತ್ತಲೇ ಶತ್ರು. ಡಯಲ್ ಕೆಳಗೆ ಸೋಲಾರ್ ಪದರ ಇದೆ, ಒಳಗೆ ಮತ್ತೆ ಮತ್ತೆ ಚಾರ್ಜ್ ಆಗುವ ಸೆಲ್ ಇದೆ. ಪೂರ್ತಿ ಚಾರ್ಜ್ ಆದರೆ ಎಷ್ಟೋ ಮಾಡೆಲ್‌ಗಳು ಕತ್ತಲಲ್ಲಿ ಆರು ತಿಂಗಳ ಹತ್ತಿರ ಓಡುತ್ತವೆ. ಆಮೇಲೆ ನಿಲ್ಲುತ್ತವೆ. ಬರಿದಾಗಿ ವರ್ಷಗಟ್ಟಲೆ ಬಿದ್ದಿದ್ದರೆ ಆ ಸೆಲ್ಲಿನ ಆಯಸ್ಸು ಕಮ್ಮಿಯಾಗುತ್ತದೆ. ಅದನ್ನು ತಗಡಿನ ಡಬ್ಬಿಯಿಂದ ಈವತ್ತೇ ಹೊರಗೆ ತೆಗೆಯಿರಿ. ಕಿಟಕಿ ಹತ್ತಿರ ಒಂದು ಮೊಳೆಗೆ ನೇತುಹಾಕಿ, ಹಗಲು ಬೆಳಕು ಬಿದ್ದರೆ ಸಾಕು. ಬೇಗ ಚಾರ್ಜ್ ಆಗಲಿ ಅಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಹಂಚಿನ ಮೇಲೆ ಕಾಯಲು ಇಡಬೇಡಿ. ಮುಳ್ಳು ಎರಡೆರಡು ಸೆಕೆಂಡ್ ಹಾರುತ್ತಿದ್ದರೆ ಹಸಿವಾಗಿದೆ ಅಂತ ಅರ್ಥ. ನಿಂತೇ ಹೋಗಿದ್ದರೆ ಎರಡು ಮೂರು ದಿನ ಒಳ್ಳೆಯ ಬೆಳಕು ತೋರಿಸಿ ನೋಡಿ.

ಒಂದು ಎಚ್ಚರಿಕೆ. ಯಾರಾದರೂ ಈ ವಾಚಿಗೆ ಮಾಮೂಲಿ ಸಿಲ್ವರ್ ಆಕ್ಸೈಡ್ ಸೆಲ್ ಹಾಕಿಕೊಡುತ್ತೇನೆ ಅಂದರೆ ವಾಚನ್ನು ವಾಪಸ್ ಇಸಿದುಕೊಂಡು ಎದ್ದು ಬನ್ನಿ. ಒಳಗಿನ ಸರ್ಕ್ಯೂಟ್ ಆ ಸೆಲ್ಲನ್ನು ಚಾರ್ಜ್ ಮಾಡಲು ಹೋಗುತ್ತದೆ. ಚಾರ್ಜ್ ಮಾಡಬಾರದ ಸೆಲ್ ಅದು, ಒಡೆಯಬಹುದು. ಇದಕ್ಕೆ ಅದೇ ಕಂಪನಿಯ ಬೇರೆ ಸೆಲ್ ಬರುತ್ತದೆ.

ಸ್ಮಾರ್ಟ್‌ವಾಚಿಗೆ ನಿಮ್ಮ ಮೊಬೈಲಿನ ಜಾತಿಯ ಬ್ಯಾಟರಿ. ಪೂರ್ತಿ ತುಂಬಿಸಿ ಇಡುವುದೂ ತಪ್ಪು, ಪೂರ್ತಿ ಬರಿದು ಮಾಡಿ ಇಡುವುದೂ ತಪ್ಪು. ಅರ್ಧಕ್ಕೆ ಚಾರ್ಜ್ ಮಾಡಿ ಸ್ವಿಚ್ ಆಫ್ ಮಾಡಿ ತಂಪು ಜಾಗದಲ್ಲಿಡಿ. ಆಪಲ್ ಕಂಪನಿ ತನ್ನ ಸಾಧನಗಳಿಗೆ ಹೇಳುವುದು 32 ಡಿಗ್ರಿಗಿಂತ ಕಮ್ಮಿ ಬಿಸಿಯಿರುವ ಜಾಗ, ಆರು ತಿಂಗಳಿಗೊಮ್ಮೆ ಮತ್ತೆ ಅರ್ಧ ಚಾರ್ಜ್. ಸಣ್ಣ ಬ್ಯಾಟರಿಗಳಿಗೆ ಎರಡು ಮೂರು ತಿಂಗಳಿಗೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು ಅಂತ ನನ್ನ ಅನುಭವ. ಇಷ್ಟೆಲ್ಲ ಮಾಡುವ ಬದಲು ಅದನ್ನು ಯಾರಿಗಾದರೂ ಕೊಟ್ಟುಬಿಡುವುದು ವಾಸಿ. ಕ್ವಾರ್ಟ್ಜ್ ವಾಚು ನಲವತ್ತು ವರ್ಷ ಕಾದು ಕೂತಿರುತ್ತದೆ, ಸ್ಮಾರ್ಟ್‌ವಾಚ್ ಕಾಯುವುದಿಲ್ಲ.

ಡಬ್ಬಿಯ ಬಗ್ಗೆ ಎರಡು ಮಾತು. ಬೀರು ಅಂದಮೇಲೆ ನುಸಿಗುಳಿಗೆ ಇದ್ದೇ ಇರುತ್ತದೆ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ, ವಾಚಿನ ಹತ್ತಿರ ಬೇಡ. ಅಯಸ್ಕಾಂತವೂ ಬೇಡ. ಒಳಗೆ ತಿರುಗುವುದೇ ಒಂದು ಅಯಸ್ಕಾಂತ ಅಂದೆನಲ್ಲ, ಹೊರಗಿನದು ಹತ್ತಿರ ಬಂದರೆ ಅದು ಹೆಜ್ಜೆ ತಪ್ಪುತ್ತದೆ, ನಿಲ್ಲುತ್ತದೆ. ಈಗ ಉಡುಗೊರೆಗೆ ಬರುವ ಚೆಂದದ ಪೆಟ್ಟಿಗೆಗಳ ಮುಚ್ಚಳದಲ್ಲೇ ಅಯಸ್ಕಾಂತ ಇರುತ್ತದೆ. ಅಂಥ ಪೆಟ್ಟಿಗೆಯಲ್ಲಿ ನಿಂತ ವಾಚು ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ತಾನೇ ಓಡಲು ಶುರುಮಾಡಿದ್ದನ್ನು ನೋಡಿದ್ದೇನೆ. ಸೆಲ್ ಹೋಗಿದೆ ಅಂತ ತಂದಿದ್ದರು.

ಒಂದು ವರ್ಷಕ್ಕಿಂತ ಹೆಚ್ಚು ಕಟ್ಟುವುದಿಲ್ಲ ಅಂತ ಗಟ್ಟಿಯಾಗಿ ಗೊತ್ತಿದ್ದರೆ ಸೆಲ್ ತೆಗೆಸುವುದೇ ಸರಿಯಾದ ದಾರಿ. ಸೆಲ್ ಇಲ್ಲದ ಕ್ವಾರ್ಟ್ಜ್ ವಾಚಿಗೆ ಲೀಕ್ ಭಯವಿಲ್ಲ. ಇದರಲ್ಲೂ ಸಣ್ಣ ಅಪಾಯಗಳಿವೆ. ಒತ್ತಿ ಕೂರಿಸುವ ಬೆನ್ನನ್ನು ಮನೆಯಲ್ಲಿ ಚಾಕುವಿನಿಂದ ಎಬ್ಬಿಸಲು ಹೋದರೆ ಚಾಕು ಜಾರುವುದು ಎರಡೇ ಕಡೆ, ಕಾಯಿಲ್ ಮೇಲೆ ಅಥವಾ ಬೆರಳಿನ ಮೇಲೆ. ಅಂಗಡಿಯಲ್ಲೇ ತೆಗೆಸಿ. ಬೆನ್ನು ತೆಗೆದಾಗಲೆಲ್ಲ ರಬ್ಬರ್ ರಿಂಗ್ ನೋಡಲು ಹೇಳಿ, ಹಿಗ್ಗಿದ್ದರೆ ಬದಲಿಸಲಿ. ತೆಗೆಸಿದ ತಾರೀಖು ಬರೆದ ಚೀಟಿ ವಾಚಿನ ಜೊತೆ ಇಡಿ. ತೆಗೆದ ಸೆಲ್ಲನ್ನು ಮುಂದೆ ಉಪಯೋಗಕ್ಕೆ ಬರಲಿ ಅಂತ ಮನೆಗೆ ತರಬೇಡಿ. ಮೊಮ್ಮಕ್ಕಳು ಓಡಾಡುವ ಮನೆಯಲ್ಲಿ ಇದನ್ನು ಒತ್ತಿ ಹೇಳುತ್ತೇನೆ. ಗುಂಡಿಯ ಹಾಗೆ ಹೊಳೆಯುವ ಸೆಲ್ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟು ಗಾಯವಾಗುತ್ತದೆ. ದೊಡ್ಡ ಲಿಥಿಯಂ ಸೆಲ್‌ಗಳು ಇನ್ನೂ ಅಪಾಯ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ.

ಇಷ್ಟು ಓದಿದಮೇಲೆ ನಿಮ್ಮ ಏಳು ವಾಚಿಗೆ ನಾನೇನು ಮಾಡುತ್ತಿದ್ದೆ ಅಂತ ಕೇಳಿದರೆ: ಈಗ ನಿಂತಿರುವುದು ಯಾವುದಿದೆಯೋ ಅದರ ಸೆಲ್ಲನ್ನು ಈ ವಾರವೇ ತೆಗೆಸುತ್ತಿದ್ದೆ. ನಿವೃತ್ತಿಯ ವಾಚನ್ನು ಮೀಟರಿಗೆ ಹಾಕಿಸುತ್ತಿದ್ದೆ. ಮಗನ ದೊಡ್ಡ ವಾಚು ಅವನು ಬಂದಾಗ ಮಾತ್ರ ಬೇಕಾಗುವುದಾದರೆ ಸೆಲ್ ಇಲ್ಲದೆ ಇಡುತ್ತಿದ್ದೆ. ಟೈಟನ್, ಡಿಜಿಟಲ್ ಓಡಿಕೊಂಡಿರಲಿ. ಕೀ ಎಳೆಯುವ ಆಟವನ್ನು ದೀಪಾವಳಿಯಿಂದ ಯುಗಾದಿವರೆಗೆ, ಒಣ ಹವೆಯ ತಿಂಗಳುಗಳಿಗೆ ಇಟ್ಟುಕೊಳ್ಳಿ. ಕ್ಯಾಲೆಂಡರಿನಲ್ಲಿ ಗುರುತು ಹಾಕುವವರಾದರೆ ಮಾತ್ರ.

ಮತ್ತೆ ಓಡಿಸುವಾಗ ತಾರೀಖು ಬದಲಿಸುವುದರಲ್ಲಿ ಹುಷಾರು. ಮುಳ್ಳುಗಳು ರಾತ್ರಿ 9ರಿಂದ 1ರ ನಡುವೆ ನಿಂತಿದ್ದರೆ ಆ ಹೊತ್ತಿಗೆ ತಾರೀಖಿನ ಚಕ್ರ ಹಲ್ಲಿಗೆ ಸಿಕ್ಕಿಕೊಂಡಿರುತ್ತದೆ. ಆಗ ಕೀ ಮೊದಲ ಹಂತದಲ್ಲಿಟ್ಟು ತಾರೀಖು ತಿರುಗಿಸಿದರೆ ಹಲ್ಲು ಮುರಿಯಬಹುದು. ಮೊದಲು ಮುಳ್ಳನ್ನು ಆರು ಗಂಟೆಗೆ ತಂದುಕೊಳ್ಳಿ, ತಾರೀಖು ಇಡಿ, ಆಮೇಲೆ ಸರಿಯಾದ ಹೊತ್ತಿಗೆ ಬನ್ನಿ.

ಈಗ ಜನತಾ. ಮೇಷ್ಟ್ರೇ, ಅದಕ್ಕೆ ಸೆಲ್ಲೇ ಇಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಕೈಜೋಡಿಸಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ್ದು ಕೀ ಕೊಡುವ ವಾಚುಗಳನ್ನೇ. ಜನತಾ ಅದೇ ವಂಶದ್ದು. ನಿಮ್ಮ ತಂದೆಯವರು ದಿನಾ ಬೆಳಗ್ಗೆ ಕೀ ಕೊಡುತ್ತಿದ್ದುದು ನಿಮಗೆ ನೆನಪಿರಬೇಕಲ್ವಾ? ಒಳಗೆ ಸ್ಪ್ರಿಂಗ್ ಇದೆ. ಬೀರುವಿನಲ್ಲಿ ಎಷ್ಟು ವರ್ಷ ಮಲಗಿದರೂ ಲೀಕ್ ಆಗುವಂಥದ್ದು ಅದರಲ್ಲಿ ಏನೂ ಇಲ್ಲ. ಎಣ್ಣೆ ಮಾತ್ರ ಒಣಗಿರುತ್ತದೆ. ಮೆಲ್ಲಗೆ ನಾಲ್ಕೈದು ಸುತ್ತು ಕೀ ಕೊಟ್ಟು ಕಿವಿಗೆ ಹಿಡಿದು ನೋಡಿ. ಓಡಿದರೆ ಖುಷಿಪಡಿ, ಆದರೆ ದಿನಾ ಕಟ್ಟುವ ಮೊದಲು ಒಂದು ಸಲ ಬಿಚ್ಚಿಸಿ ತೊಳೆಸಿ ಎಣ್ಣೆ ಹಾಕಿಸಿ. ಓಡದಿದ್ದರೆ ಬಲವಾಗಿ ತಿರುಗಿಸಲು ಹೋಗಬೇಡಿ. ಕೀ ಕೊಡುವ ವಾಚು ಕಲಿತ ಹಳೆಯ ಕೈಯವರು ಶಿವಮೊಗ್ಗದಲ್ಲಿ ಈಗಲೂ ಒಬ್ಬಿಬ್ಬರು ಸಿಗಬಹುದು, ವಿಚಾರಿಸಿ. ಮೀಟರಿಗೆ ಹಾಕಿಸಲು ಹೇಗೂ ಹೋಗುತ್ತೀರಲ್ಲ, ಇದನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ.